ಗೇಟು ಮುಚ್ಚಿದ ಮನೆಯ ದಿನಚರಿ

ನಿವೃತ್ತರ ಮನೆಯಲ್ಲಿ ಹೊತ್ತು ಗೊತ್ತಾಗುವುದು ಬಾಗಿಲಿಗೆ ಬರುವವರಿಂದ. ಐದೂವರೆಗೆ ಹಾಲಿನವನು, ಆರು ದಾಟುವಾಗ ಪೇಪರಿನ ಹುಡುಗ, ಆಮೇಲೆ ಹೂವಿನವಳು, ಎಂಟಕ್ಕೆ ಮನೆಗೆಲಸದಾಕೆ, ಹತ್ತರ ಸುಮಾರಿಗೆ ಸೊಪ್ಪಿನ ತಳ್ಳುಗಾಡಿ, ಮಧ್ಯಾಹ್ನದೊಳಗೆ ಅಂಚೆಯವನು. ದುಡಿಮೆಯ ವರ್ಷಗಳಲ್ಲಿ ಕಚೇರಿ, ಶಾಲೆ, ಬಸ್ಸುಗಳು ಕಟ್ಟಿಕೊಡುತ್ತಿದ್ದ ದಿನವನ್ನು ನಿವೃತ್ತಿಯ ನಂತರ ಇವರೆಲ್ಲ ಸೇರಿ ಕಟ್ಟಿಕೊಡುತ್ತಾರೆ. 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಾಗ ಮೈಸೂರಿನ ನಿವೃತ್ತರ ಮನೆಗಳಲ್ಲಿ ಮೊದಲು ಸಡಿಲವಾದದ್ದು ಈ ಕಟ್ಟು. ರೋಗದ ಭಯ ಒಳಹೊಕ್ಕದ್ದು ಅದರ ಹಿಂದಿನಿಂದ.

ಪಿಂಚಣಿದಾರರ ಸ್ವರ್ಗವೆಂದು ಮೈಸೂರಿಗೆ ಹಳೆಯ ಹೆಸರು. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಕುವೆಂಪುನಗರದ ಬೀದಿಗಳಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳು ಸಾಲುಸಾಲಾಗಿವೆ. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲವೇ ಅಮೆರಿಕದಲ್ಲಿ. ಇಲ್ಲಿ ನೆನೆಯುತ್ತಿರುವುದು ಸರಸ್ವತಿಪುರಂನ ಅಂಥದೊಂದು ಮನೆ. ಯಜಮಾನರು ಅಶೋಕಪುರಂನ ರೈಲ್ವೆ ಕಾರ್ಯಾಗಾರದಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು, ಬೀದಿಯವರಿಗೆ ರಾಯರು. ಹೆಂಡತಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಎಲ್ಲರಿಗೂ ಟೀಚರಮ್ಮ. ಇಬ್ಬರೂ ಎಪ್ಪತ್ತರ ಆಸುಪಾಸು. ರಾಯರಿಗೆ ಸಕ್ಕರೆ ಕಾಯಿಲೆ, ಟೀಚರಮ್ಮನಿಗೆ ರಕ್ತದೊತ್ತಡ ಮತ್ತು ಮಂಡಿನೋವು. ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿ.

ಲಾಕ್‌ಡೌನ್ ಒಂದೇ ರಾತ್ರಿಯಲ್ಲಿ ಬಂದಿತೆಂದು ಅನೇಕರು ನೆನೆಯುತ್ತಾರೆ. ಕರ್ನಾಟಕದಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿದುಬಂತು. ಕೋವಿಡ್‌ನಿಂದ ದೇಶದಲ್ಲಿ ಮೊದಲು ತೀರಿಕೊಂಡವರು ಕಲಬುರಗಿಯ ಎಪ್ಪತ್ತಾರು ವರ್ಷದ ಹಿರಿಯರು. ಅವರು ತೀರಿಕೊಂಡದ್ದು ಮಾರ್ಚ್ 10ರಂದು, ಕಾರಣ ಖಚಿತವಾದದ್ದು 12ರಂದು. ಆ ವಯಸ್ಸಿನ ಸುದ್ದಿ ಓದಿದಾಗಲೇ ಹಿರಿಯರಿರುವ ಮನೆಗಳಲ್ಲಿ ಮಾತು ಕಡಿಮೆಯಾಯಿತು. ಮರುದಿನ ರಾಜ್ಯ ಸರ್ಕಾರ ಚಿತ್ರಮಂದಿರ, ಮಾಲ್, ಜಾತ್ರೆ, ಮದುವೆ ಸಮಾರಂಭಗಳಿಗೆ ಒಂದು ವಾರದ ತಡೆ ಹಾಕಿತು. 22ರ ಭಾನುವಾರ ಜನತಾ ಕರ್ಫ್ಯೂ. ಸಂಜೆ ಐದಕ್ಕೆ ಜನ ಮಹಡಿಗಳಲ್ಲಿ ನಿಂತು ಚಪ್ಪಾಳೆ ತಟ್ಟಿದರು, ಜಾಗಟೆ ಬಡಿದರು. 24ರ ರಾತ್ರಿ ಎಂಟಕ್ಕೆ ಪ್ರಧಾನಿಯವರ ಭಾಷಣ. ಅಂದಿನ ಮಧ್ಯರಾತ್ರಿಯಿಂದಲೇ ಇಪ್ಪತ್ತೊಂದು ದಿನ ಯಾರೂ ಹೊರಬರುವಂತಿಲ್ಲ. ಮರುದಿನ ಶಾರ್ವರಿ ಸಂವತ್ಸರದ ಯುಗಾದಿ.

ಆ ಯುಗಾದಿಗೆ ಬೇವು ಸಿಕ್ಕಿತು, ರಸ್ತೆ ಬದಿಯ ಮರದಿಂದ. ಮಾವಿನೆಲೆ ಪಕ್ಕದ ಮನೆಯ ಕಾಂಪೌಂಡಿನಿಂದ ಈಚೆಗೆ ಬಾಗಿದ ಕೊಂಬೆಯದು. ಹೂವಿರಲಿಲ್ಲ. ಹಿತ್ತಲಿನ ದಾಸವಾಳ ನಾಲ್ಕು, ತುಳಸಿ ಒಂದಿಷ್ಟು, ಅಷ್ಟರಲ್ಲೇ ಪೂಜೆ. ಒಬ್ಬಟ್ಟಿನ ಹೂರಣ ರುಬ್ಬಿದ ಮೇಲೆ ಟೀಚರಮ್ಮ, ತಿನ್ನುವವರು ಇಬ್ಬರೇ ಎಂಬುದು ಆಗಷ್ಟೇ ಹೊಳೆದವರಂತೆ ನಿಂತರು. ಪ್ರತಿ ವರ್ಷ ಕೆಲಸದಾಕೆಯ ಮನೆಗೊಂದು ಡಬ್ಬಿ, ಹಾಲಿನವನಿಗೊಂದು, ಎದುರು ಮನೆಗೊಂದು ಹೋಗುತ್ತಿತ್ತು. ಆ ವರ್ಷ ಒಬ್ಬಟ್ಟು ಫ್ರಿಜ್ಜಿನಲ್ಲಿ ಉಳಿದು ಮೂರು ದಿನ ತಿಂಡಿಯಾಯಿತು. ಹಬ್ಬದ ಅಡುಗೆ ಹಂಚುವುದಕ್ಕಾಗಿಯೇ ಆಗುವಂಥದ್ದು ಎಂದು ಆ ಮನೆಗೆ ಗೊತ್ತಿತ್ತು. ಹಂಚಲಾಗದೆ ಉಳಿದ ಹಬ್ಬ ಅದೇ ಮೊದಲು.

ಕೆಲಸದಾಕೆ ಪಡುವಾರಹಳ್ಳಿಯವಳು. ಮೂರು ಮನೆಗಳಲ್ಲಿ ಕೆಲಸ. ಲಾಕ್‌ಡೌನಿನ ಮೊದಲ ಬೆಳಿಗ್ಗೆ ಫೋನು ಮಾಡಿ, “ಪೊಲೀಸ್ರು ಬುಡ್ತಾ ಇಲ್ಲ ಕಣಮ್ಮ, ಹೆಂಗ್ ಬರ್ಲಿ?” ಎಂದಳು. ಟೀಚರಮ್ಮ ಬರಬೇಡವೆಂದರು, ಸಂಬಳ ತಪ್ಪಿಸುವುದಿಲ್ಲವೆಂದೂ ಹೇಳಿದರು. ಆ ತಿಂಗಳುಗಳಲ್ಲಿ ಬರದ ದಿನಗಳಿಗೂ ಕೂಲಿ ಕೊಟ್ಟ ಮನೆಗಳಿದ್ದವು, ನಿಲ್ಲಿಸಿದ ಮನೆಗಳೂ ಇದ್ದವು. ನಿಲ್ಲಿಸಿದ್ದು ತಪ್ಪು. ಕೆಲಸದವಳು ಮನೆಯಲ್ಲುಳಿದದ್ದು ತನ್ನ ಅನುಕೂಲಕ್ಕಲ್ಲ. ಅವಳ ಮನೆಯ ಒಲೆ ಲಾಕ್‌ಡೌನ್ ಎಂದು ನಿಲ್ಲುವಂಥದ್ದೂ ಅಲ್ಲ. ಕೊಡಲು ಮನಸ್ಸಿದ್ದವರಿಗೂ ಹಣ ತಲುಪಿಸುವುದು ಸುಲಭವಿರಲಿಲ್ಲ. ಅವಳ ಬ್ಯಾಂಕ್ ಖಾತೆಯ ವಿವರ ಯಾವ ಮನೆಯಲ್ಲೂ ಇರಲಿಲ್ಲ. ಹತ್ತು ವರ್ಷ ಕೈಯಲ್ಲೇ ಕೊಟ್ಟು ಅಭ್ಯಾಸ. ಕೊನೆಗೆ ಅವಳ ಮಗ ಮೊಬೈಲಿನಲ್ಲಿ ಪಾಸ್‌ಬುಕ್ಕಿನ ಫೋಟೋ ಕಳಿಸಿದ, ಬೆಂಗಳೂರಿನ ಮಗ ಅಲ್ಲಿಂದ ಹಣ ಹಾಕಿದ.

ಮನೆಗೆಲಸ ಹಂಚಿಕೊಂಡ ರೀತಿಯೇ ಈ ದಂಪತಿಯ ಲಾಕ್‌ಡೌನಿನ ಮುಖ್ಯ ಕಥೆ. ರಾಯರು ನಿವೃತ್ತರಾದ ಮೇಲೆ ಅವರ ದಿನ ಬಹುಪಾಲು ಹೊರಗೇ ಕಳೆಯುತ್ತಿತ್ತು: ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡಿಗೆ, ಅದು ಮುಗಿದ ಮೇಲೆ ಗೆಳೆಯರೊಂದಿಗೆ ಹೋಟೆಲಿನಲ್ಲಿ ಕಾಫಿ, ಮಧ್ಯಾಹ್ನ ಗ್ರಂಥಾಲಯ, ಸಂಜೆ ಪಾರ್ಕಿನ ಕಲ್ಲುಬೆಂಚು. ಟೀಚರಮ್ಮನ ದಿನ ಒಳಗಿನದು. ಬಿಡುವು ಸಿಕ್ಕರೆ ಭಜನೆ ಮಂಡಳಿ, ವಾರಕ್ಕೊಮ್ಮೆ ದೇವಸ್ಥಾನ. ಇಬ್ಬರ ವೇಳಾಪಟ್ಟಿಯೂ ಒಂದನ್ನೊಂದು ತಾಗದಂತೆ ಹತ್ತಾರು ವರ್ಷಗಳಲ್ಲಿ ತಾನಾಗಿ ಹೊಂದಿಕೊಂಡಿತ್ತು. ಶಾಲೆಯಿಂದ ಟೀಚರಮ್ಮನಿಗೆ ಶಾಲು ಹೊದಿಸಿ ಬೀಳ್ಕೊಟ್ಟಿದ್ದರು. ಅಡುಗೆಮನೆಯಿಂದ ಅವರನ್ನು ಯಾರೂ ಬೀಳ್ಕೊಟ್ಟಿರಲಿಲ್ಲ. ಇಬ್ಬರೂ ಇಪ್ಪತ್ತನಾಲ್ಕು ಗಂಟೆ ಒಂದೇ ಸೂರಿನಡಿ ಕುಳಿತಾಗ ಈ ವ್ಯತ್ಯಾಸ ರಾಯರ ಕಣ್ಣಿಗೇ ಬಿತ್ತು, ಯಾರೂ ತೋರಿಸಿಕೊಡಬೇಕಾಗಲಿಲ್ಲ.

ಗುಡಿಸುವುದು, ಒರೆಸುವುದು, ಬಟ್ಟೆ ಹರವುವುದನ್ನು ಅವರು ವಹಿಸಿಕೊಂಡರು. ಹೆಂಡತಿಯ ಮಂಡಿ ಬಗ್ಗುವುದಿಲ್ಲ, ನೆಲದ ಕೆಲಸ ಅವರಿಂದಾಗದು. ಪಾತ್ರೆ ತೊಳೆಯುವುದು ಸರದಿ ಪ್ರಕಾರ ಎಂದು ಮೊದಲು ಮಾತಾಗಿತ್ತು. ಕ್ರಮೇಣ ಅದೂ ರಾಯರ ಕೈಗೇ ಬಂತು. ಕಾರ್ಯಾಗಾರದಲ್ಲಿ ಶಿಫ್ಟು ನೋಡಿಕೊಂಡವರಾದ್ದರಿಂದ ಯಾವ ಕೆಲಸ ಯಾವ ಹೊತ್ತಿಗೆ ಎಂದು ಬರೆದು ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದರು. ಆ ಪಟ್ಟಿಯಲ್ಲಿ ಕಾಣುವ ಕೆಲಸಗಳೆಲ್ಲ ಇದ್ದವು. ಕಾಣದವು ಇರಲಿಲ್ಲ. ಸಾರಿನ ಪುಡಿ ಮುಗಿಯುತ್ತ ಬಂದಿದೆ, ಇನ್ನೆರಡು ದಿನಕ್ಕೆ ಮೆಣಸಿನಕಾಯಿ ಹುರಿಯಬೇಕು; ರಾತ್ರಿ ಕಡಲೆಕಾಳು ನೆನೆಹಾಕಿದರೆ ನಾಳೆ ಹುಳಿ; ಹಾಲು ಉಳಿದಿದೆ, ಹೆಪ್ಪು ಹಾಕಬೇಕು; ಸಿಲಿಂಡರು ತಂದು ತಿಂಗಳಾಯಿತು, ಬುಕ್ ಮಾಡಬೇಕು; ಅಕ್ಕಿಯಲ್ಲಿ ನುಸಿ ಕಂಡಿದೆ, ಬಿಸಿಲಿಗಿಡಬೇಕು. ಇಷ್ಟನ್ನೂ ಟೀಚರಮ್ಮ ಯಾವ ಕಾಗದವೂ ಇಲ್ಲದೆ ತಲೆಯಲ್ಲಿಟ್ಟುಕೊಂಡು ನಲವತ್ತು ವರ್ಷ ಶಾಲೆಯನ್ನೂ ಮನೆಯನ್ನೂ ನಡೆಸಿದ್ದರು. ಮನೆಗೆಲಸದ ಅರ್ಧ ಭಾಗ ಕೈಯದು, ಉಳಿದರ್ಧ ನೆನಪಿಟ್ಟುಕೊಳ್ಳುವುದು. ಕೈಯ ಕೆಲಸವನ್ನು ಒಂದು ವಾರದಲ್ಲಿ ಕಲಿತವರಿಗೆ ನೆನಪಿನ ಕೆಲಸ ಕಲಿಯಲು ಮಳೆಗಾಲ ಬರಬೇಕಾಯಿತು.

ಸಣ್ಣಪುಟ್ಟ ಜಗಳಗಳಾದವು. “ರೀ, ಆ ಚಿಕ್ಕ ಸೌಟು ಎಲ್ಲಿಟ್ರಿ?” ಎಂಬ ಪ್ರಶ್ನೆ ದಿನಕ್ಕೆ ಹಲವು ಸಲ ಕೇಳುತ್ತಿತ್ತು. ಪಾತ್ರೆ ತೊಳೆದವರು ತಮಗೆ ತೋಚಿದಲ್ಲಿ ಬೋರಲು ಹಾಕಿದರೆ ಅಡುಗೆ ಮಾಡುವವರ ಕೈ ಕಟ್ಟಿಹಾಕಿದಂತಾಗುತ್ತದೆ. ಒಗ್ಗರಣೆಯ ಸಾಸಿವೆ ಸಿಡಿಯುತ್ತಿರುವಾಗ ಇಂಗಿನ ಡಬ್ಬಿ ಇದ್ದಲ್ಲಿ ಇಲ್ಲದಿದ್ದರೆ ಬರುವ ಸಿಟ್ಟು ಸಣ್ಣದೆಂದು ಹೊರಗಿನವರಿಗೆ ಕಾಣಬಹುದು. ಅಡುಗೆಮನೆ ಎಂಬುದು ಒಬ್ಬರ ಕೈಯಳತೆಗೆ ಹೊಂದಿಸಿಟ್ಟ ಜಾಗ. ಅಲ್ಲಿಗೆ ಇನ್ನೊಬ್ಬರು ಸಹಾಯಕ್ಕೆಂದು ಬಂದರೂ ಆ ಅಳತೆಯನ್ನು ಮೊದಲು ಕಲಿಯಬೇಕು. ರಾಯರು ಕಲಿತರು. ಏಪ್ರಿಲ್ ಮುಗಿಯುವ ಹೊತ್ತಿಗೆ ಬೆಳಗಿನ ಕಾಫಿ ಅವರದಾಗಿತ್ತು. ಫಿಲ್ಟರಿಗೆ ಎಷ್ಟು ಪುಡಿ, ಎಷ್ಟು ಒತ್ತಬೇಕು, ಡಿಕಾಕ್ಷನ್ ಇಳಿಯಲು ಎಷ್ಟು ಹೊತ್ತು ಎಂಬುದು ಕೈಗೆ ಹತ್ತಿತ್ತು. ಟೀಚರಮ್ಮ ಮದುವೆಯಾದ ಮೇಲೆ ಮೊದಲ ಬಾರಿಗೆ ಇನ್ನೊಬ್ಬರು ಬೆರೆಸಿದ ಕಾಫಿಯನ್ನು ದಿನಾ ಬೆಳಿಗ್ಗೆ ವರಾಂಡದಲ್ಲಿ ಕುಳಿತು ಕುಡಿದರು.

ದಿನಸಿ ತರಕಾರಿ ಒದಗಿಸಿಕೊಳ್ಳುವುದು ಅಷ್ಟೇ ದೊಡ್ಡ ಕೆಲಸವಾಗಿತ್ತು. ಹಾಲು ಎಂದೂ ನಿಲ್ಲಲಿಲ್ಲ. ನಂದಿನಿ ಪ್ಯಾಕೆಟ್ಟುಗಳನ್ನು ಗೇಟಿಗೆ ಕಟ್ಟಿದ ಚೀಲದಲ್ಲಿ ಹಾಕಿ ಹೋಗುತ್ತಿದ್ದರು. ತಂದು ಸಾಬೂನು ನೀರಿನಲ್ಲಿ ತೊಳೆದು ಒಳಗಿಡುವುದು. ಹೋಟೆಲು, ಮದುವೆಗಳು ನಿಂತು ಒಕ್ಕೂಟದಲ್ಲಿ ಹಾಲು ಉಳಿಯತೊಡಗಿದಾಗ ಸರ್ಕಾರ ಅದನ್ನು ಕೊಳೆಗೇರಿಗಳ ಬಡವರಿಗೆ ಉಚಿತವಾಗಿ ಹಂಚಿಸಿತು. ಆ ಕಾಲದ ಒಳ್ಳೆಯ ನಿರ್ಧಾರಗಳಲ್ಲಿ ಅದೊಂದು. ಅಂಗಡಿಗಳ ಮುಂದೆ ಸುಣ್ಣದ ವೃತ್ತಗಳು ಬಂದವು. ರಾಯರು ವಾರಕ್ಕೊಮ್ಮೆ ಚೀಟಿ ಹಿಡಿದು ಹೋಗಿ ವೃತ್ತದಲ್ಲಿ ನಿಂತು, ಚೀಟಿ ಕೊಟ್ಟು, ಸಾಮಾನು ಪಡೆದು ಬರುತ್ತಿದ್ದರು. ಎದುರು ಮನೆಯ ಹುಡುಗ ಅದನ್ನು ನೋಡಿ, “ಅಂಕಲ್, ನೀವು ಬರಬೇಡಿ, ಚೀಟಿ ಗೇಟಿಗೆ ಸಿಕ್ಕಿಸಿ” ಎಂದ ಮೇಲೆ ಅದೂ ನಿಂತಿತು. ಮೇ ತಿಂಗಳ ಕೇಂದ್ರದ ಮಾರ್ಗಸೂಚಿ 65 ದಾಟಿದವರು, ದೀರ್ಘಕಾಲದ ಕಾಯಿಲೆಯವರು, ಗರ್ಭಿಣಿಯರು, ಹತ್ತು ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಬೇಕೆಂದು ಹೇಳಿತ್ತು. ಅದುವರೆಗೆ ಬೀದಿಯವರ ಬ್ಯಾಂಕು, ಅಂಚೆ ಕೆಲಸಕ್ಕೆಲ್ಲ ತಾವೇ ಓಡಾಡಿ ನೆರವಾಗುತ್ತಿದ್ದ ರಾಯರಿಗೆ ಆ ಸಾಲು ತಮ್ಮನ್ನು ಒಂದು ದಿನದಲ್ಲಿ ಮುದುಕನನ್ನಾಗಿಸಿತು ಎನಿಸಿತು. ಅವರ ವಯಸ್ಸಿನ ಅನೇಕರಿಗೆ ಹಾಗೇ ಅನಿಸಿದೆ. ರಕ್ಷಣೆಗೆಂದು ಹಾಕಿದ ಗೆರೆಯೇ ಆದರೂ ಗೆರೆಯೊಳಗೆ ನಿಂತವರನ್ನು ಅದು ನೋಯಿಸುತ್ತದೆ.

ಬೇಸಿಗೆಯಾದ್ದರಿಂದ ತರಕಾರಿಗೆ ಬರವಿರಲಿಲ್ಲ. ಮಾರುಕಟ್ಟೆ ಮುಚ್ಚಿ, ಬೆಲೆ ಬಿದ್ದು, ರೈತರೇ ಗೂಡ್ಸ್ ಆಟೋಗಳಲ್ಲಿ ಕಲ್ಲಂಗಡಿ, ಟೊಮೆಟೊ, ದ್ರಾಕ್ಷಿ ತುಂಬಿಕೊಂಡು ಬಡಾವಣೆಗಳಿಗೆ ಬಂದರು. ಬೆಲೆ ಕೇಳಿ ಚೌಕಾಸಿ ಮಾಡಲು ಟೀಚರಮ್ಮನಿಗೆ ಮನಸ್ಸಾಗಲಿಲ್ಲ. ಕೊಂಡದ್ದನ್ನು ಉಪ್ಪು ಅರಿಶಿನದ ನೀರಿನಲ್ಲಿ ಮುಳುಗಿಸಿಟ್ಟು, ಬಟ್ಟೆಯ ಮೇಲೆ ಹರವಿ ಒಣಗಿಸುವುದು ಮಧ್ಯಾಹ್ನದ ಕೆಲಸ. ಮಾವಿನಕಾಯಿ ಬಂದಾಗ ಉಪ್ಪಿನಕಾಯಿ ಹಾಕಿದರು, ಬಿಸಿಲು ಚೆನ್ನಾಗಿದ್ದುದರಿಂದ ಮಹಡಿಯ ಮೇಲೆ ಅರಳು ಸಂಡಿಗೆ ಇಟ್ಟರು. ಕಾಗೆ ಓಡಿಸಲು ರಾಯರು ಕೊಡೆ ಹಿಡಿದು ಕುಳಿತರು. ಪೇಟೆಯ ತಿಂಡಿಗೆ ಒಗ್ಗಿದ್ದ ಮನೆಗೆ ಹುರುಳಿ ಸಾರು, ನುಗ್ಗೆಸೊಪ್ಪಿನ ಪಲ್ಯ, ಗೊಜ್ಜವಲಕ್ಕಿ, ಮೆಂತ್ಯದ ಹಿಟ್ಟು ಮರಳಿ ಬಂದವು. ಹಿತ್ತಲಿನಲ್ಲಿ ನುಗ್ಗೆ, ಕರಿಬೇವು, ದೊಡ್ಡಪತ್ರೆ, ಬಾಳೆ ಇದ್ದ ಮನೆಗಳು ಆ ಬೇಸಿಗೆಯಲ್ಲಿ ಸಿರಿವಂತರ ಮನೆಗಳು. ಹಿತ್ತಲಿಗೆ ಸಿಮೆಂಟು ಹಾಕಿಸದೆ ಬಿಟ್ಟ ಹಿರಿಯರ ಬುದ್ಧಿಯನ್ನು ಆಗ ಮೆಚ್ಚಲೇಬೇಕಾಯಿತು.

ಮಾಸ್ಕು ಮನೆಯಲ್ಲೇ ಆಯಿತು. ಏಪ್ರಿಲ್ ಮೊದಲ ವಾರ ಮನೆಯಲ್ಲಿ ಹೊಲಿದ ಬಟ್ಟೆಯ ಮಾಸ್ಕನ್ನೂ ಬಳಸಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ ತಿಳಿಸಿತು. ಟೀಚರಮ್ಮ ಕಾಲಲ್ಲಿ ತುಳಿಯುವ ಹಳೆಯ ಹೊಲಿಗೆ ಯಂತ್ರದ ಧೂಳು ಕೊಡವಿ, ರವಿಕೆಗೆಂದು ಉಡುಗೊರೆ ಬಂದು ಬೀರುವಿನಲ್ಲಿ ಕೂತಿದ್ದ ಕಣಗಳನ್ನು ಕತ್ತರಿಸಿ ಬೀದಿಗೆಲ್ಲ ಹೊಲಿದರು. ಕುಂಕುಮದ ಜೊತೆ ಕೈ ಬದಲಾಯಿಸುತ್ತ ಮನೆಯಿಂದ ಮನೆಗೆ ತಿರುಗುತ್ತಿದ್ದ ಕಣಗಳಿಗೆ ಕೊನೆಗೂ ಒಂದು ಉಪಯೋಗ ಸಿಕ್ಕಿತು. ಕೆಲಸದಾಕೆಯ ಮನೆಮಂದಿಗೆಲ್ಲ ಹೊಲಿದದ್ದನ್ನು ಹಾಲಿನವನ ಕೈಯಲ್ಲಿ ಕಳಿಸಿದರು.

ಮೈಯ ವಿಚಾರಕ್ಕೆ ಬಂದರೆ, ನಡಿಗೆ ನಿಂತದ್ದು ದೊಡ್ಡ ಪೆಟ್ಟು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ಮಾನಸಗಂಗೋತ್ರಿಗೆ ಸೇರಿದ್ದು. ಅದರ ಏರಿಯ ಮೇಲೆ ಸುತ್ತು ಹಾಕದ ಸುತ್ತಲಿನ ನಿವೃತ್ತರು ಕಡಿಮೆ. ಗೇಟು ಮುಚ್ಚಿದ ಮೇಲೆ ಎಲ್ಲರ ನಡಿಗೆಯೂ ಮನೆಯ ಮಹಡಿಗೇರಿತು. ಬೆಳಿಗ್ಗೆ ಆರಕ್ಕೆ ಮಹಡಿ ಮಹಡಿಗಳಲ್ಲಿ ಒಬ್ಬೊಬ್ಬರು ಉದ್ದಕ್ಕೂ ಅಡ್ಡಕ್ಕೂ ನಡೆಯುತ್ತ, ದೂರದಿಂದಲೇ ಕೈಯೆತ್ತಿ ನಮಸ್ಕರಿಸುತ್ತಿದ್ದರು. ಟೀಚರಮ್ಮನೂ ಬಂದರು. ಕೆರೆಗೆ ಎಂದೂ ಜೊತೆಗೆ ಹೋಗದವರು ಮಹಡಿಯ ಮೇಲೆ ಜೊತೆಯಾಗಿ ನಡೆದರು. ವಾಹನಗಳಿಲ್ಲದೆ ಧೂಳು ತಗ್ಗಿ, ಚಾಮುಂಡಿ ಬೆಟ್ಟ ಹತ್ತಿರ ಬಂದಂತೆ ಕಾಣುತ್ತಿತ್ತು.

ಮಾತ್ರೆ ಔಷಧಿಗೆ ತೊಂದರೆಯಾಗಲಿಲ್ಲ, ಮೆಡಿಕಲ್ ಅಂಗಡಿಗಳು ತೆರೆದೇ ಇದ್ದವು. ತೊಂದರೆಯಾದದ್ದು ವೈದ್ಯರನ್ನು ಕಾಣುವುದಕ್ಕೆ. ಬೀದಿಯ ಕೊನೆಯ ಕ್ಲಿನಿಕ್ ಬಾಗಿಲು ಹಾಕಿತ್ತು. ದೂರದಿಂದಲೇ ಚಿಕಿತ್ಸೆ ಸೂಚಿಸುವುದಕ್ಕೆ ನಿಯಮಾವಳಿ ಹೊರಬಿದ್ದದ್ದು ಲಾಕ್‌ಡೌನಿನ ಮೊದಲ ದಿನವೇ. ವೈದ್ಯರು ವಾಟ್ಸ್ಆಪಿನಲ್ಲಿ ಸಕ್ಕರೆಯ ಅಂಕಿ ನೋಡಿ ಮಾತ್ರೆಯ ಪ್ರಮಾಣ ಹೇಳುವುದು ರೂಢಿಯಾಯಿತು. ಟೀಚರಮ್ಮನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು. ಎಡಗಣ್ಣು ಮಂಜಾಗಿಯೇ ಆ ವರ್ಷ ಕಳೆಯಿತು. ಹಾಗೆ ಮುಂದೂಡಿದ ನೋವುಗಳು ಎಲ್ಲ ಹಿರಿಯರ ಮನೆಗಳಲ್ಲೂ ಇದ್ದವು, ಯಾವ ದಿನದ ಬುಲೆಟಿನ್ನಿನಲ್ಲೂ ಅವು ಲೆಕ್ಕಕ್ಕೆ ಬರಲಿಲ್ಲ.

ಆ ಬುಲೆಟಿನ್ನಿಗಾಗಿ ಸಂಜೆ ಕಾಯುವುದು ಒಂದು ಚಟವೇ ಆಗಿತ್ತು. ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಹಬ್ಬಿ ಮೈಸೂರು ಜಿಲ್ಲೆ ರಾಜ್ಯದ ಕಣ್ಣಿಗೆ ಬಿದ್ದಿತು. ಸೋಂಕಿತರ ಸಂಖ್ಯೆ ಹೆಚ್ಚಿದಂತೆಲ್ಲ ನಗರದ ಬೀದಿಗಳು ಇನ್ನಷ್ಟು ಬಿಗಿಯಾದವು. ಮೇ ಮಧ್ಯದ ಹೊತ್ತಿಗೆ ಅದುವರೆಗೆ ದಾಖಲಾಗಿದ್ದ 90 ಮಂದಿಯೂ ಗುಣವಾಗಿ ಮನೆಗೆ ಹೋದರು. ಒಂದಷ್ಟು ದಿನ ಮೈಸೂರು ಉಸಿರೆಳೆದುಕೊಂಡಿತು.

ಟಿ.ವಿ. ಹಳೆಯ ಕಾಲವನ್ನು ಎತ್ತಿ ತಂದಿತು. ಮಾರ್ಚ್ 28ರಿಂದ ದೂರದರ್ಶನ ಬೆಳಿಗ್ಗೆ ಒಂಬತ್ತಕ್ಕೂ ರಾತ್ರಿ ಒಂಬತ್ತಕ್ಕೂ ‘ರಾಮಾಯಣ’ ಹಾಕಿತು; ‘ಮಹಾಭಾರತ’ ಡಿ.ಡಿ. ಭಾರತಿಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಏಳಕ್ಕೆ. 1987ರಲ್ಲಿ ‘ರಾಮಾಯಣ’ ಮೊದಲು ಬಂದಾಗ ಬೀದಿಗೆಲ್ಲ ಮೂರೋ ನಾಲ್ಕೋ ಟಿ.ವಿ.ಗಳಿದ್ದವು, ಭಾನುವಾರ ಬೆಳಿಗ್ಗೆ ಈ ಮನೆಯ ಹಜಾರದಲ್ಲಿ ಚಾಪೆ ಹಾಸಿ ಅಕ್ಕಪಕ್ಕದವರೆಲ್ಲ ಕೂರುತ್ತಿದ್ದರು. ಅದೇ ಹಜಾರದಲ್ಲಿ ಈಗ ಇಬ್ಬರು. ಅಂದು ಮಡಿಲಲ್ಲಿ ಕುಳಿತು ನೋಡಿದ ಮಗಳು ನ್ಯೂಜೆರ್ಸಿಯಿಂದ ಮಾತಾಡುವಾಗ ಹಿಂದೆ ಕೇಳುವ ಶೀರ್ಷಿಕೆಯ ಹಾಡನ್ನು ಗುರುತಿಸಿದಳು. ಕನ್ನಡ ಧಾರಾವಾಹಿಗಳ ಚಿತ್ರೀಕರಣ ನಿಂತು ಹಳೆಯ ಕಂತುಗಳೇ ಮತ್ತೆ ಬಂದಾಗ ಟೀಚರಮ್ಮ ಟಿ.ವಿ. ಬಿಟ್ಟು ಕಾದಂಬರಿ ಹಿಡಿದರು. ಕಣ್ಣು ಮಂಜಾದ್ದರಿಂದ ಮಧ್ಯಾಹ್ನ ರಾಯರೇ ಓದಿ ಹೇಳುತ್ತಿದ್ದರು. ಈ ಓದು ಮುಂದೆ ದಿನಚರಿಯ ಭಾಗವೇ ಆಯಿತು.

ಮಗಳ ಮನೆಯಲ್ಲಿ ಬೆಳಿಗ್ಗೆ ಹತ್ತೂವರೆಯಾದಾಗ ಇಲ್ಲಿ ರಾತ್ರಿ ಎಂಟು. ವೀಡಿಯೊ ಕರೆಯ ಹೊತ್ತು ಅದು. ಮಾರ್ಚ್ 22ರ ನಂತರ ಅಂತರರಾಷ್ಟ್ರೀಯ ವಿಮಾನಗಳಿಲ್ಲ, ಮೇ 7ರಿಂದ ವಂದೇ ಭಾರತ್ ಯೋಜನೆಯಡಿ ಬಂದ ವಿಮಾನಗಳು ಅಲ್ಲಿ ಸಿಕ್ಕಿಬಿದ್ದವರಿಗೆ. ಬೇಸಿಗೆಯ ರಜೆಗೆ ಬರಬೇಕಿದ್ದ ಮೊಮ್ಮಗಳು ಬರಲಿಲ್ಲ. ಅವಳಿಗೆಂದು ತಂದಿಟ್ಟ ಕನ್ನಡ ಅಕ್ಷರಮಾಲೆಯ ಪುಸ್ತಕ ತೆರೆದು ಟೀಚರಮ್ಮ ಫೋನಿನಲ್ಲೇ ಪಾಠ ಶುರುಮಾಡಿದರು. ಕರಿಹಲಗೆಯ ಮುಂದೆ ನಿಂತು ನಲವತ್ತು ಮಕ್ಕಳಿಗೆ ಪಾಠ ಹೇಳಿದವರು ಒಂದೇ ಮಗುವಿಗೆ ಕಾಗದದ ಮೇಲೆ ಬರೆದು ಕ್ಯಾಮೆರಾಕ್ಕೆ ಹಿಡಿದು ತೋರಿಸಿದರು. ಮಗು ವರ್ಷದೊಳಗೆ ಕಾಗುಣಿತ ದಾಟಿತು. ಬೆಂಗಳೂರಿನ ಮಗನಿಗೆ ನೂರೈವತ್ತು ಕಿಲೋಮೀಟರ್ ದೂರದಲ್ಲಿದ್ದೂ ಜೂನ್‌ವರೆಗೆ ಬರಲಾಗಲಿಲ್ಲ. ಬಂದಾಗಲೂ ಗೇಟಿನ ಹೊರಗೆ ನಿಂತು ಮಾತಾಡಿ, ಸಾಮಾನು ಇಟ್ಟು ಹೋದ. ಅಮೆರಿಕಕ್ಕಿಂತ ಆ ಗೇಟಿನ ದೂರವನ್ನೇ ತಾಯಿಗೆ ತಾಳಲಾಗಲಿಲ್ಲ.

ಹಣದ ವಿಷಯದಲ್ಲಿ ನಿವೃತ್ತರು ಪುಣ್ಯವಂತರು ಎಂಬ ಮಾತು ಆ ದಿನಗಳಲ್ಲಿ ಹೆಚ್ಚಾಗಿ ಕೇಳಿಬರುತ್ತಿತ್ತು. ಪಿಂಚಣಿ ತಪ್ಪಲಿಲ್ಲ, ನಿಜ. ಕೆಲಸ ಕಳೆದುಕೊಂಡವರ, ನಡೆದುಕೊಂಡೇ ಊರು ಸೇರಿದವರ ಮುಂದೆ ಅದು ದೊಡ್ಡ ಭದ್ರತೆ. ಈ ಮನೆಯವರು ಅದನ್ನು ಒಂದು ದಿನವೂ ಮರೆಯಲಿಲ್ಲ. ಆದರೂ ಹೊಡೆತ ಬಿದ್ದಿತ್ತು. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ 2020ರ ಏಪ್ರಿಲ್ 1ರಿಂದ ಶೇ 8.6ರಿಂದ 7.4ಕ್ಕೆ ಇಳಿಯಿತು. ಹೊಸದಾಗಿ ಇಡುವ ಒಂದು ಲಕ್ಷಕ್ಕೆ ವರ್ಷಕ್ಕೆ 1,200 ರೂಪಾಯಿ ಕಡಿಮೆ. ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಮಾರ್ಚ್ 27ರಂದು 4.40ಕ್ಕೂ ಮೇ 22ರಂದು 4ಕ್ಕೂ ಇಳಿಸಿದ್ದರಿಂದ ಬ್ಯಾಂಕ್ ಠೇವಣಿಯ ಬಡ್ಡಿಯೂ ಕೆಳಗಿಳಿಯಿತು. ಸಾಲ ಮಾಡಿದವರಿಗೆ ನೆರವಾದ ಈ ಇಳಿಕೆ ಬಡ್ಡಿಯಲ್ಲಿ ಬದುಕುವವರ ಕೈ ಕಚ್ಚಿತು. ಏಪ್ರಿಲ್‌ನಲ್ಲಿ ಕೇಂದ್ರ ತನ್ನ ನೌಕರರ ಮತ್ತು ಪಿಂಚಣಿದಾರರ ತುಟ್ಟಿಭತ್ಯೆಯ ಏರಿಕೆಯನ್ನು 2020ರ ಜನವರಿಯಿಂದ ಅನ್ವಯವಾಗುವಂತೆ ತಡೆಹಿಡಿಯಿತು, ರಾಜ್ಯವೂ ಅದೇ ದಾರಿ ಹಿಡಿಯಿತು. ಕಷ್ಟಕಾಲದಲ್ಲಿ ಎಲ್ಲರೂ ಒಂದಿಷ್ಟು ಬಿಟ್ಟುಕೊಡಬೇಕೆಂದು ದಂಪತಿ ಒಪ್ಪಿಕೊಂಡರು. ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ತಾನು ಬದುಕಿದ್ದೇನೆಂದು ಸಹಿ ಮಾಡುವ ಜೀವನ ಪ್ರಮಾಣಪತ್ರದ ಗಡುವನ್ನು ಆ ವರ್ಷ ಮೊದಲು ಡಿಸೆಂಬರ್ ಕೊನೆಗೆ, ಆಮೇಲೆ 2021ರ ಫೆಬ್ರವರಿ ಕೊನೆಗೆ ಮುಂದೂಡಿದ್ದು ಹಿರಿಯರಿಗೆ ನಿಜವಾದ ಉಪಕಾರವಾಯಿತು.

ಸಾವುಗಳು ದೂರದಿಂದಲೇ ನಡೆದುಹೋದವು. ಮೇ 3ರಂದು ಕವಿ ಕೆ.ಎಸ್. ನಿಸಾರ್ ಅಹಮದ್ ಬೆಂಗಳೂರಿನಲ್ಲಿ ತೀರಿಕೊಂಡ ಸುದ್ದಿ ಬಂದಾಗ ಟೀಚರಮ್ಮ ದಿನವಿಡೀ ಮಂಕಾಗಿದ್ದರು. ಶಾಲೆಯ ಪ್ರತಿ ರಾಜ್ಯೋತ್ಸವಕ್ಕೂ ಮಕ್ಕಳಿಂದ ಅವರ ‘ನಿತ್ಯೋತ್ಸವ’ ಹಾಡಿಸಿದವರು ಅವರು. ಬೇರೆ ದಿನಗಳಾಗಿದ್ದರೆ ಸಾವಿರಾರು ಜನ ಸೇರಬೇಕಿದ್ದ ವಿದಾಯ ಅದು. ಅಂತ್ಯಕ್ರಿಯೆಗೆ 20 ಜನ, ಮದುವೆಗೆ 50 ಜನ ಎಂಬ ಮಿತಿ ಇತ್ತು. ಕಾರ್ಯಾಗಾರದ ಹಳೆಯ ಗೆಳೆಯರೊಬ್ಬರು ಹೃದಯಾಘಾತದಿಂದ ತೀರಿಕೊಂಡಾಗ ರಾಯರಿಗೆ ಹೋಗಲಾಗಲಿಲ್ಲ. ಫೋನಿನಲ್ಲಿ ಅವರ ಹೆಂಡತಿಯೊಂದಿಗೆ ಮಾತಾಡಿದರು. ಸಾವಿನ ಮನೆಯಲ್ಲಿ ಮಾತಿಗಿಂತ ಸುಮ್ಮನೆ ಹೋಗಿ ಕೂರುವುದು ಮುಖ್ಯ. ಫೋನಿನಲ್ಲಿ ಸುಮ್ಮನೆ ಕೂರಲಾಗುವುದಿಲ್ಲ. ಲಾಕ್‌ಡೌನ್ ಹಿರಿಯರಿಂದ ಕಸಿದದ್ದರಲ್ಲಿ ಇದಕ್ಕೆ ಪರಿಹಾರವೇ ಇರಲಿಲ್ಲ.

ಕೆಲಸದಾಕೆ ಜೂನ್‌ನಲ್ಲಿ ಮರಳಿದಳು. ಮೊದಲು ಹಿತ್ತಲಿನ ಪಾತ್ರೆ ಮತ್ತು ಅಂಗಳ, ತಿಂಗಳು ಕಳೆದ ಮೇಲೆ ಒಳಮನೆ. ಬಂದ ಮೊದಲ ದಿನ ರಾಯರು ತೊಳೆದಿಟ್ಟ ಪಾತ್ರೆ ನೋಡಿ, “ಅಯ್ಯಾವ್ರು ಚೆಂದಾಗಿ ಬೆಳಗವ್ರೆ” ಎಂದಳು. ಅವಳಿಗೆ ಭಾನುವಾರ ರಜೆ ಕೊಡಬೇಕೆಂದು ಹೇಳಿದವರು ರಾಯರು. ಮೂರು ತಿಂಗಳು ನೆಲ ಒರೆಸಿದವರ ಬಾಯಿಂದ ಆ ಮಾತು ಬರುವುದು ಸಹಜವಾಗಿತ್ತು. ಅವರಿಗೆ ಅದು ಹತ್ತು ವರ್ಷ ಮೊದಲೇ ಹೊಳೆಯಬೇಕಿತ್ತು ಎಂದು ಟೀಚರಮ್ಮ ಅಂದುಕೊಂಡರು, ಬಾಯಿಬಿಟ್ಟು ಹೇಳಲಿಲ್ಲ.

ಆ ವರ್ಷದ ದಸರಾ ಟಿ.ವಿ.ಯಲ್ಲೇ. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಉದ್ಘಾಟಿಸಿದರು, ಆನೆ ಅಭಿಮನ್ಯು ಮೊದಲ ಬಾರಿ ಅಂಬಾರಿ ಹೊತ್ತ, ಮೆರವಣಿಗೆ ಅರಮನೆಯ ಆವರಣದೊಳಗೇ ಮುಗಿಯಿತು. ಬನ್ನಿಮಂಟಪದ ದಾರಿಯಲ್ಲಿ ಕಂಬಳಿ ಹಾಸಿ ಬೆಳಗಿನಿಂದ ಜಾಗ ಹಿಡಿದು ಕೂತ ನೆನಪಿರುವ ಮೈಸೂರಿಗರಿಗೆ ಅದು ದಸರಾ ಅನಿಸಲಿಲ್ಲ. ಮನೆಯಲ್ಲಿ ಗೊಂಬೆ ಕೂರಿಸಿದರು, ನೋಡಲು ಮಕ್ಕಳು ಬರಲಿಲ್ಲ.

2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಶುರುವಾಯಿತು. ಆ ತಿಂಗಳೇ ಇಬ್ಬರೂ ಮೊದಲ ಡೋಸ್ ಪಡೆದರು. ಎರಡನೆಯದಕ್ಕೆ ಅಂತರ ನಾಲ್ಕರಿಂದ ಆರು ವಾರವಿದ್ದದ್ದು ಕೋವಿಶೀಲ್ಡಿಗೆ ಆರರಿಂದ ಎಂಟಕ್ಕೆ, ಮೇ 13ರಂದು ಹನ್ನೆರಡರಿಂದ ಹದಿನಾರಕ್ಕೆ ಏರಿತು. ಅಷ್ಟರಲ್ಲಿ ಎರಡನೆಯ ಅಲೆ ಬಂದಾಗಿತ್ತು. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಕರ್ಫ್ಯೂ, ಮೇ 10ರಿಂದ ಬಿಗಿಯಾದ ಲಾಕ್‌ಡೌನ್. ಅಗತ್ಯ ವಸ್ತುಗಳ ಅಂಗಡಿಗಳು ಬೆಳಿಗ್ಗೆ ಆರರಿಂದ ಹತ್ತರವರೆಗೆ. ಮೊದಲ ಲಾಕ್‌ಡೌನಿನಲ್ಲಿ ಟಿ.ವಿ.ಯಲ್ಲಿ ಕಾಣುತ್ತಿದ್ದ ರೋಗ ಈ ಬಾರಿ ಪಕ್ಕದ ಬೀದಿಯಲ್ಲಿತ್ತು. ಆಂಬ್ಯುಲೆನ್ಸಿನ ಸದ್ದು ರಾತ್ರಿಯೂ ನಿಲ್ಲುತ್ತಿರಲಿಲ್ಲ. ಔಷಧಿಯ ಪೆಟ್ಟಿಗೆಗೆ ಆಕ್ಸಿಮೀಟರ್ ಸೇರಿತು, ಬೆಳಿಗ್ಗೆ ಸಂಜೆ ಬೆರಳಿಟ್ಟು ಅಂಕಿ ಬರೆದಿಡುವುದು. 94ಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆ. ಎದುರು ಮನೆಯ ಹುಡುಗನ ತಂದೆ ಆ ಮೇ ತಿಂಗಳಲ್ಲಿ ಹೋದರು. ಹಿಂದಿನ ವರ್ಷ ಬಿಡದೆ ಸಾಮಾನು ತಂದುಕೊಟ್ಟ ಹುಡುಗನಿಗೆ ಈ ಮನೆಯಿಂದ ಹದಿಮೂರನೆಯ ದಿನದವರೆಗೂ ಎರಡು ಹೊತ್ತಿನ ಊಟ ಹೋಯಿತು. ಅಡುಗೆ ಟೀಚರಮ್ಮನದು, ಡಬ್ಬಿ ಕಟ್ಟಿ, ಗೇಟಿಗೆ ಸಿಕ್ಕಿಸಿ, ತೊಳೆದು ತರುವುದು ರಾಯರದು. ಈ ಬಾರಿ ಪಟ್ಟಿ ಬರೆಯುವ ಅಗತ್ಯ ಬೀಳಲಿಲ್ಲ, ಯಾವ ಕೆಲಸ ಯಾರದೆಂದು ಇಬ್ಬರಿಗೂ ಗೊತ್ತಿತ್ತು.

ಜೂನ್ 21ರಿಂದ ರಾಜ್ಯದ ಬಹುತೇಕ ಜಿಲ್ಲೆಗಳಲ್ಲಿ ನಿರ್ಬಂಧ ಸಡಿಲವಾದಾಗ ಸೋಂಕಿನ ಪ್ರಮಾಣ ಹೆಚ್ಚಿದ್ದ ಕಾರಣ ಮೈಸೂರಿಗೆ ಅದರಲ್ಲಿ ಪಾಲು ಸಿಗಲಿಲ್ಲ. ಇಲ್ಲಿ ಸಡಿಲಿಕೆ ತಡವಾಗಿ ಬಂತು. ಆ ವರ್ಷವೇ ಟೀಚರಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆಯೂ ಆಯಿತು. ಅವರೇ ಓದಿಕೊಳ್ಳುವಂತಾದ ಮೇಲೂ ಮಧ್ಯಾಹ್ನದ ಓದು ಮುಂದುವರಿಯಿತು. ತುಟ್ಟಿಭತ್ಯೆ ಜುಲೈ 1ರಿಂದ ಅನ್ವಯವಾಗುವಂತೆ ಮರಳಿತು, ಕೇಂದ್ರದ ಪಿಂಚಣಿದಾರರಿಗೆ ಶೇ 17ರಿಂದ 28ಕ್ಕೆ ಏರಿತು. ನಡುವಿನ ಹದಿನೆಂಟು ತಿಂಗಳ ಬಾಕಿ ಬರಲಿಲ್ಲ. ಕೆರೆಯ ಏರಿಯ ನಡಿಗೆಗೆ ರಾಯರು ಮತ್ತೆ ಹೋಗತೊಡಗಿದರು, ಕೆಲವು ದಿನ ಟೀಚರಮ್ಮನೂ ಜೊತೆಗೆ. ಕೆಲಸದಾಕೆಗೆ ಭಾನುವಾರದ ರಜೆ ಈಗಲೂ ಇದೆ, ಅಂದಿನ ಪಾತ್ರೆ ರಾಯರದು.